ಕೇಳುವವರೇ ಕಟ್ಟಿದ ಹಾಡು

ಒಂದೇ ಕಿವಿಗೆ ಅಮೆರಿಕದ ರ‍್ಯಾಪೂ ಹಿಡಿಸಬೇಕು, ಊರ ಜಾತ್ರೆಯ ಹಾಡೂ ಹಿಡಿಸಬೇಕು ಎಂದರೆ ಮನೆಯ ಹಿರಿಯರಿಗೆ ಅದು ಸುಲಭವಾಗಿ ಅರ್ಥವಾಗುವ ಸಂಗತಿಯಲ್ಲ. ಅವರ ಪಾಲಿಗೆ ರ‍್ಯಾಪ್ ಎಂದರೆ ರಾಗವಿಲ್ಲದ ಗದ್ದಲ, ಜೋತಾಡುವ ಪ್ಯಾಂಟು, ಬಾಯಿಗೆ ಬಂದ ಬೈಗುಳ. ಜನಪದ ಗೀತೆ ಎಂದರೆ ಬೀಸುವ ಕಲ್ಲು, ಸೋಬಾನೆ, ಹಂತಿ. ಇವೆರಡನ್ನೂ ಒಂದೇ ಉಸಿರಿನಲ್ಲಿ ಮೆಚ್ಚುವ ಹುಡುಗನನ್ನು ಕಂಡರೆ ಇವನಿಗೆ ಎರಡೂ ಗೊತ್ತಿಲ್ಲ ಎಂದು ತೀರ್ಮಾನಿಸುವವರೇ ಹೆಚ್ಚು. ಜನಪದದ ಪಂಡಿತರಂತೂ ಹಳ್ಳಿಯ ಹಾಡಿಗೆ ಡ್ರಮ್ ಮಷೀನು ಸೇರಿತೆಂದರೆ ಮೂಗು ಮುರಿಯುತ್ತಾರೆ.

ಆದರೆ ಇಂಥ ಅಭಿಮಾನಿಗಳು ಎಲ್ಲ ದೇಶಗಳಲ್ಲೂ ಇದ್ದಾರೆ. ಅವರ ಅಭಿರುಚಿ ಬರೀ ಶೋಕಿಯಲ್ಲ, ಅದರ ಹಿಂದೆ ಒಂದು ತರ್ಕವಿದೆ. ಆ ತರ್ಕ ತಿಳಿಯಬೇಕಾದರೆ ಪಂಜಾಬಿನ ಭಾಂಗ್ರಾ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಹಿಪ್‌ಹಾಪ್‌ನ ಕೈಹಿಡಿದ ಕಥೆಯನ್ನು ನೋಡಬೇಕು.

ಕಥೆಯ ಒಂದು ತುದಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿದೆ. ಎರಡನೇ ಮಹಾಯುದ್ಧದ ನಂತರ ಆ ಬಡಾವಣೆಯ ನಡುವೆಯೇ ಸೀಳಿಕೊಂಡು ಒಂದು ಹೆದ್ದಾರಿ ಹಾದುಹೋಯಿತು. ಸಾವಿರಾರು ಕುಟುಂಬಗಳು ಮನೆ ಕಳೆದುಕೊಂಡವು, ಉಳ್ಳವರು ಊರು ಬಿಟ್ಟರು. ಉಳಿದವರು ಬಹುಪಾಲು ಕರಿಯರು ಮತ್ತು ಪೋರ್ಟೊ ರಿಕೊ ಮೂಲದವರು. 1970ರ ದಶಕದ ಹೊತ್ತಿಗೆ ಅಲ್ಲಿ ಬೆಂಕಿ ಬಿದ್ದ ಕಟ್ಟಡಗಳ ಸಾಲೇ ಕಾಣಿಸುತ್ತಿತ್ತು. ಅಂಥ ಊರಿನ ಸೆಜ್ವಿಕ್ ಅವೆನ್ಯೂ ಎಂಬ ಬೀದಿಯ 1520ನೇ ನಂಬರಿನ ವಠಾರದಲ್ಲಿ 1973ರ ಆಗಸ್ಟ್ 11ರಂದು ಒಂದು ಪಾರ್ಟಿ ನಡೆಯಿತು. ಶಾಲೆ ಮತ್ತೆ ತೆರೆಯುವ ಮುಂಚೆ ಹೊಸ ಬಟ್ಟೆ ಕೊಳ್ಳಲು ದುಡ್ಡು ಬೇಕಾಗಿದ್ದ ಒಬ್ಬ ಹುಡುಗಿ ಅದನ್ನು ಏರ್ಪಡಿಸಿದ್ದಳು. ಪ್ರವೇಶಕ್ಕೆ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ರೆಕಾರ್ಡ್ ಹಾಕುವ ಕೆಲಸ ಅವಳ ಅಣ್ಣನದು. ಆತ ಜಮೈಕಾದಿಂದ ಬಂದ ಕ್ಲೈವ್ ಕ್ಯಾಂಪ್‌ಬೆಲ್. ಮುಂದೆ ಕೂಲ್ ಹರ್ಕ್ ಎಂದು ಹೆಸರಾದವನು ಈತನೇ. ಹಿಪ್‌ಹಾಪ್ ಹುಟ್ಟಿದ್ದು ಅಂದೇ ಎಂದು ಅದರ ಅಭಿಮಾನಿಗಳು ಹೇಳುತ್ತಾರೆ. ಒಂದು ಕಲೆ ಹುಟ್ಟಿದ ದಿನವನ್ನೂ ಮನೆ ನಂಬರನ್ನೂ ಹೀಗೆ ಬೆರಳು ಮಾಡಿ ತೋರಿಸುವುದು ಸ್ವಲ್ಪ ಪುರಾಣದ ಮಾತೇ. ಆದರೂ ಅಲ್ಲಿ ಬೆಳೆದ ತಂತ್ರ ನಿಜಕ್ಕೂ ಹೊಸದಾಗಿತ್ತು.

ಹರ್ಕ್ ಗಮನಿಸಿದ್ದು ಸಾಮಾನ್ಯ ಸಂಗತಿ. ಕುಣಿಯುವವರು ಹಾಡಿನ ಉದ್ದಕ್ಕೂ ಒಂದೇ ಹುಮ್ಮಸ್ಸಿನಿಂದ ಕುಣಿಯುವುದಿಲ್ಲ. ಗಾಯಕನ ಬಾಯಿ ನಿಂತು, ಇತರ ವಾದ್ಯಗಳೂ ಹಿಂದೆ ಸರಿದು, ತಾಳವಾದ್ಯ ಮಾತ್ರ ಮುಂದುವರಿಯುವ ಕೆಲವು ಕ್ಷಣಗಳಿಗಾಗಿ ಅವರು ಕಾಯುತ್ತಿರುತ್ತಾರೆ. ಕಂಸಾಳೆ ಮೇಳದಲ್ಲಿ ಪದ ನಿಲ್ಲಿಸಿ ಬರಿಯ ಬೀಸು ಶುರುವಾದಾಗ ಸುತ್ತ ನಿಂತವರ ಕಾಲು ತಾನಾಗಿ ಅಲುಗುತ್ತದಲ್ಲ, ಅದೇ ಗಳಿಗೆ. ಇಂಗ್ಲಿಷಿನಲ್ಲಿ ಇದಕ್ಕೆ ಬ್ರೇಕ್ ಎನ್ನುತ್ತಾರೆ. ರೆಕಾರ್ಡಿನಲ್ಲಿ ಅದು ಹತ್ತು ಸೆಕೆಂಡು ಇದ್ದರೆ ಹೆಚ್ಚು. ಹರ್ಕ್ ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳ ಮೇಲಿಟ್ಟ. ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಶುರುಮಾಡಿದ. ಹತ್ತು ಸೆಕೆಂಡಿನ ಗಳಿಗೆ ಹತ್ತು ನಿಮಿಷವಾಯಿತು. ಅದರ ಮೇಲೆ ಕುಣಿಯುವವರನ್ನು ಹುರಿದುಂಬಿಸಲು ಮೈಕಿನಲ್ಲಿ ಆಡಿದ ಪ್ರಾಸದ ಮಾತುಗಳೇ ಬೆಳೆದು ರ‍್ಯಾಪ್ ಆಯಿತು. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್ ತಂಡದ ‘ರ‍್ಯಾಪರ್ಸ್ ಡಿಲೈಟ್’ ಹೊರಬಂದ ಮೇಲೆ ಇದು ಬ್ರಾಂಕ್ಸ್ ಗಡಿ ದಾಟಿತು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಹರ್ಕ್ ವಾದ್ಯ ನುಡಿಸಿದವನಲ್ಲ, ಹಾಡು ರಚಿಸಿದವನೂ ಅಲ್ಲ. ಆತ ಒಬ್ಬ ಕೇಳುಗ. ಯಾವ ರೆಕಾರ್ಡಿನ ಯಾವ ಭಾಗ ಕುಣಿಸುತ್ತದೆ ಎಂಬುದನ್ನು ಬೇರೆಯವರಿಗಿಂತ ಚೆನ್ನಾಗಿ ಬಲ್ಲ ಕೇಳುಗ. ತನ್ನ ಜ್ಞಾನವನ್ನು ಬೇರೆಯವರು ಕದಿಯಬಾರದೆಂದು ಆತ ರೆಕಾರ್ಡುಗಳ ಮೇಲಿನ ಚೀಟಿಗಳನ್ನು ನೀರಿನಲ್ಲಿ ನೆನೆಸಿ ಕಿತ್ತುಹಾಕುತ್ತಿದ್ದನಂತೆ. ಅಭಿಮಾನಿಯ ಅಭಿರುಚಿಯೇ ಇಲ್ಲಿ ಸಂಗೀತದ ಕಚ್ಚಾವಸ್ತು. ಜನಪದದ ಮಾತೂ ಬಹುಮಟ್ಟಿಗೆ ಹೀಗೆಯೇ ಅಲ್ಲವೆ? ಅಲ್ಲಿ ಹಾಡುವವಳು ಬೇರೆ, ಕೇಳುವವಳು ಬೇರೆ ಎಂಬ ಗೋಡೆ ಇಲ್ಲ. ಕೇಳಿ ಕಲಿತವಳು ಹಾಡುತ್ತಾಳೆ, ಹಾಡುವಾಗ ತನಗೆ ಹಿಡಿಸಿದ್ದನ್ನು ಹಿಗ್ಗಿಸುತ್ತಾಳೆ, ಹಿಡಿಸದ್ದನ್ನು ಬಿಡುತ್ತಾಳೆ. ಸಾಹಿತ್ಯದ ಮಟ್ಟಿಗೂ ಸಾಮ್ಯವಿದೆ. ರ‍್ಯಾಪ್ ಗಾಯಕರು ಎದುರುಬದುರು ನಿಂತು ಸ್ಥಳದಲ್ಲೇ ಪ್ರಾಸ ಕಟ್ಟಿ ಒಬ್ಬರನ್ನೊಬ್ಬರು ಹಣಿಯುವ ಸ್ಪರ್ಧೆಯನ್ನು ಕಂಡ ಉತ್ತರ ಕರ್ನಾಟಕದವರಿಗೆ ಕಲ್ಗಿ–ತುರಾ ಲಾವಣಿಯ ಸವಾಲು–ಜವಾಬು ನೆನಪಾಗದೆ ಇರದು.

ಕಥೆಯ ಇನ್ನೊಂದು ತುದಿ ಪಂಜಾಬು. ಭಾಂಗ್ರಾ ಸುಗ್ಗಿಯ ಕುಣಿತ. ಅದರ ಜೀವ ಢೋಲ್. ಹೆಗಲಿಗೆ ತೂಗುಹಾಕಿಕೊಂಡ ಈ ದೊಡ್ಡ ಪೀಪಾಯಿಯಂಥ ವಾದ್ಯವನ್ನು ಎರಡು ಬೇರೆ ಬೇರೆ ಕೋಲುಗಳಿಂದ ನುಡಿಸುತ್ತಾರೆ. ದಪ್ಪಗೆ ಬಾಗಿದ ‘ಡಗ್ಗಾ’ ಒಂದು ಬದಿಯಲ್ಲಿ ಗುಡುಗಿದರೆ, ಇನ್ನೊಂದು ಬದಿಯಲ್ಲಿ ತೆಳ್ಳನೆಯ ಬೆತ್ತದ ‘ತಿಲ್ಲಿ’ ಚಟಚಟ ಎನ್ನುತ್ತದೆ. ಕುಣಿತದ ನಡುವೆ ಒಬ್ಬರು ಎರಡು ಸಾಲಿನ ‘ಬೋಲಿ’ ಎತ್ತುತ್ತಾರೆ, ಎಲ್ಲರೂ ಸೇರಿ ಮುಗಿಸುತ್ತಾರೆ, ಮತ್ತೆ ಢೋಲ್. ಇದರ ಜೊತೆಗೆ ತೂಂಬಿ ಎಂಬ ಒಂಟಿ ತಂತಿಯ ಪುಟ್ಟ ವಾದ್ಯ. ನಮ್ಮ ಏಕತಾರಿಗೆ ದೂರದ ನೆಂಟ ಎನ್ನಬಹುದು, ಆದರೆ ಅದರ ದನಿ ಚುರುಕು. ತೂಂಬಿಯನ್ನು ಮನೆಮಾತಾಗಿಸಿದವರು 1991ರಲ್ಲಿ ತೀರಿಕೊಂಡ ಗಾಯಕ ಲಾಲ್ ಚಂದ್ ಯಮಲಾ ಜಟ್.

ಇದೆಲ್ಲ ಅನಾದಿ ಕಾಲದಿಂದ ಹೀಗೆಯೇ ಇತ್ತು ಎಂದುಕೊಳ್ಳುವುದು ತಪ್ಪು. ಇಂದು ವೇದಿಕೆಯಲ್ಲಿ ಕಾಣುವ, ಬಣ್ಣದ ಪೇಟ ಸುತ್ತಿ ಸಾಲಾಗಿ ಕುಣಿಯುವ ಭಾಂಗ್ರಾ ರೂಪುಗೊಂಡದ್ದು ಬಹಳ ಮಟ್ಟಿಗೆ ದೇಶವಿಭಜನೆಯ ನಂತರ. ಹಲವು ಕುಣಿತಗಳ ಹೆಜ್ಜೆಗಳನ್ನು ಹೊಂದಿಸಿ 1950ರ ದಶಕದಲ್ಲಿ ದೆಹಲಿಯ ಗಣರಾಜ್ಯೋತ್ಸವಕ್ಕೆ ಕೊಂಡೊಯ್ದಾಗ, ಹಿಂದಿ ಸಿನಿಮಾದವರು ಅದನ್ನು ಎತ್ತಿಕೊಂಡಾಗ ಅದು ಈ ರೂಪ ತಳೆಯಿತು. ಅಂದರೆ ‘ಶುದ್ಧ ಭಾಂಗ್ರಾ ಕೆಟ್ಟಿತು’ ಎಂದು ಮುಂದೆ ಗೋಳಾಡಿದವರು ಶುದ್ಧವೆಂದು ತಿಳಿದಿದ್ದು ಕೂಡ ಆಗಲೇ ಒಮ್ಮೆ ಆಧುನಿಕಗೊಂಡ ಸರಕು.

ಎರಡನೇ ಮಹಾಯುದ್ಧದ ನಂತರ ಕಾರ್ಮಿಕರ ಕೊರತೆ ಎದುರಿಸಿದ ಇಂಗ್ಲೆಂಡಿಗೆ ಪಂಜಾಬಿನ ರೈತರ ಮಕ್ಕಳು ಹೋದರು. ಲಂಡನ್ನಿನ ಪಶ್ಚಿಮಕ್ಕಿರುವ ಸೌತಾಲ್‌ನ ರಬ್ಬರ್ ಕಾರ್ಖಾನೆ, ಬರ್ಮಿಂಗ್‌ಹ್ಯಾಮ್ ಸುತ್ತಲಿನ ಎರಕದ ಕಾರ್ಖಾನೆಗಳು ಅವರನ್ನು ಎಳೆದುಕೊಂಡವು. ದುಡಿಮೆ ಬೇಕಿತ್ತು, ದುಡಿಯುವವರ ಮುಖ ಬೇಕಿರಲಿಲ್ಲ. ಬರ್ಮಿಂಗ್‌ಹ್ಯಾಮ್ ಬಳಿಯ ಸ್ಮೆತಿಕ್‌ನಲ್ಲಿ 1964ರ ಚುನಾವಣೆಯೇ ವರ್ಣದ್ವೇಷದ ಮೇಲೆ ನಡೆಯಿತು. ಅಲ್ಲಿನ ಪರಿಸ್ಥಿತಿ ನೋಡಲು ಅಮೆರಿಕದ ಕರಿಯರ ನಾಯಕ ಮಾಲ್ಕಂ ಎಕ್ಸ್ 1965ರ ಫೆಬ್ರವರಿಯಲ್ಲಿ, ತಾನು ಕೊಲೆಯಾಗುವ ಕೆಲವೇ ದಿನ ಮೊದಲು, ಖುದ್ದಾಗಿ ಬಂದಿದ್ದ. ಅದೇ ಸ್ಮೆತಿಕ್‌ನಲ್ಲಿ 1967ರಲ್ಲಿ ಭುಝಂಗಿ ಗ್ರೂಪ್ ಎಂಬ ತಂಡ ಕಟ್ಟಿಕೊಂಡಿತು. ವಾರವೆಲ್ಲ ದುಡಿದು, ವಾರದ ಕೊನೆಗೆ ಮದುವೆ ಮನೆಗಳಲ್ಲಿ ಹಾಡುವುದು. ಹಾರ್ಮೋನಿಯಂ ಮತ್ತು ಢೋಲಕಿಯ ಜೊತೆಗೆ ಗಿಟಾರು ಬಂತು. 1977ರಲ್ಲಿ ಸೌತಾಲ್‌ನಲ್ಲಿ ಚನ್ನಿ ಸಿಂಗ್ ಅವರ ‘ಆಲಾಪ್’ ತಂಡ ಹುಟ್ಟಿತು. ಅದಕ್ಕೆ ಸಿಂಥಸೈಜರು ಸೇರಿತು, ಡಿಸ್ಕೊ ಕಾಲದ ತಾಳಯಂತ್ರವೂ ಸೇರಿತು.

ಆ ವರ್ಷಗಳು ಎಂಥವು ಎಂಬುದನ್ನು ಮರೆತರೆ ಈ ಹಾಡುಗಳು ಬರಿಯ ಮದುವೆ ಮನೆಯ ಗದ್ದಲವಾಗಿ ಕೇಳಿಸುತ್ತವೆ. 1976ರ ಜೂನ್‌ನಲ್ಲಿ ಸೌತಾಲ್‌ನ ಬೀದಿಯಲ್ಲಿ ಗುರುದೀಪ್ ಸಿಂಗ್ ಚಗ್ಗರ್ ಎಂಬ 18 ವರ್ಷದ ಹುಡುಗನನ್ನು ಬಿಳಿಯ ಯುವಕರ ಗುಂಪು ಇರಿದು ಕೊಂದಿತು. 1979ರ ಏಪ್ರಿಲ್ 23ರಂದು ಜನಾಂಗದ್ವೇಷಿ ನ್ಯಾಷನಲ್ ಫ್ರಂಟ್ ಪಕ್ಷ ಅದೇ ಊರಿನ ಪುರಭವನದಲ್ಲಿ ಸಭೆ ಸೇರಿದಾಗ ಪ್ರತಿಭಟನೆ ನಡೆಯಿತು. ಆ ಗಲಭೆಯಲ್ಲಿ ತಲೆಗೆ ಪೆಟ್ಟು ತಿಂದು ಬ್ಲೇರ್ ಪೀಚ್ ಎಂಬ ಶಾಲಾ ಶಿಕ್ಷಕ ಸತ್ತ. ಅಪ್ಪಂದಿರು ತಲೆ ತಗ್ಗಿಸಿ ಕೆಲಸಕ್ಕೆ ಹೋಗಿಬಂದರು. ಅಲ್ಲೇ ಹುಟ್ಟಿ ಅಲ್ಲಿನ ಇಂಗ್ಲಿಷನ್ನೇ ಆಡುತ್ತಿದ್ದ ಮಕ್ಕಳಿಗೆ ಹಾಗೆ ತಲೆ ತಗ್ಗಿಸಲು ಆಗಲಿಲ್ಲ. ಶಾಲೆಯಲ್ಲಿ ಅವರು ‘ಪಾಕಿ’ಗಳು. ಮನೆಯಲ್ಲಿ ಕೆಟ್ಟುಹೋದ ಇಂಗ್ಲಿಷ್ ಮಕ್ಕಳು.

ಈ ಮಕ್ಕಳೇ ನಮ್ಮ ಕಥೆಯ ನಿಜವಾದ ನಾಯಕರು, ನಾಯಕಿಯರು. 1980ರ ದಶಕದಲ್ಲಿ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್‌ಗಳಲ್ಲಿ ‘ಡೇಟೈಮರ್’ ಎಂಬ ವಿಚಿತ್ರ ಪದ್ಧತಿ ಬೆಳೆಯಿತು. ರಾತ್ರಿ ಹೊರಗೆ ಹೋಗಲು ಹೆಣ್ಣುಮಕ್ಕಳಿಗೆ ಅಪ್ಪಣೆ ಇರಲಿಲ್ಲ, ಬಹಳಷ್ಟು ಹುಡುಗರಿಗೂ ಇರಲಿಲ್ಲ. ಇತ್ತ ದೊಡ್ಡ ನೃತ್ಯಶಾಲೆಗಳು ಹಗಲು ಹೊತ್ತು ಖಾಲಿ ಬಿದ್ದಿರುತ್ತಿದ್ದವು. ಹೀಗಾಗಿ ಭಾಂಗ್ರಾ ತಂಡಗಳ ಕಾರ್ಯಕ್ರಮ ಮಟಮಟ ಮಧ್ಯಾಹ್ನ ನಡೆಯತೊಡಗಿದವು. ಮಕ್ಕಳು ಶಾಲಾ ಚೀಲದಲ್ಲಿ ಬೇರೆ ಬಟ್ಟೆ ತುಂಬಿಕೊಂಡು ಹೊರಡುವುದು, ತರಗತಿಗೆ ಚಕ್ಕರ್ ಹೊಡೆದು, ದಾರಿಯಲ್ಲೆಲ್ಲೋ ಬಟ್ಟೆ ಬದಲಿಸಿ ಕುಣಿಯುವುದು, ಸಂಜೆ ಶಾಲೆ ಬಿಡುವ ಹೊತ್ತಿಗೆ ಸಮವಸ್ತ್ರದಲ್ಲಿ ಮನೆ ಸೇರುವುದು. ಮನೆಯವರ ಕಣ್ಣು ತಪ್ಪಿಸಿ ಮಕ್ಕಳು ಕೇಳಲು ಹೋಗುತ್ತಿದ್ದದ್ದು ಅಪ್ಪ ಅಮ್ಮನ ಊರಿನದೇ ಹಾಡು ಎಂಬುದು ತಮಾಷೆಯ ಸಂಗತಿ. ಸಭಾಂಗಣ ತುಂಬಿ ತುಳುಕುತ್ತಿದ್ದರೂ ಇಂಗ್ಲಿಷ್ ಪತ್ರಿಕೆಗಳಿಗೆ ಬಹುಕಾಲ ಇದರ ಸುಳಿವೇ ಇರಲಿಲ್ಲ. ಕಾರಣ ಸರಳ. ಈ ಕ್ಯಾಸೆಟ್ಟುಗಳು ಮಾರಾಟವಾಗುತ್ತಿದ್ದದ್ದು ಸೀರೆ ಅಂಗಡಿಗಳಲ್ಲಿ, ದಿನಸಿ ಅಂಗಡಿಗಳಲ್ಲಿ, ಮಿಠಾಯಿ ಅಂಗಡಿಗಳಲ್ಲಿ. ಜನಪ್ರಿಯ ಹಾಡುಗಳ ಪಟ್ಟಿ ತಯಾರಿಸುವವರು ಲೆಕ್ಕ ಹಿಡಿಯುತ್ತಿದ್ದದ್ದು ರೆಕಾರ್ಡ್ ಅಂಗಡಿಗಳ ಮಾರಾಟವನ್ನು ಮಾತ್ರ.

ಈ ಹುಡುಗರ ಚೀಲದಲ್ಲಿ ಭಾಂಗ್ರಾ ಕ್ಯಾಸೆಟ್ಟಿನ ಪಕ್ಕದಲ್ಲೇ ಇನ್ನೊಂದು ಕ್ಯಾಸೆಟ್ಟೂ ಇರುತ್ತಿತ್ತು. ಅದು ಅಮೆರಿಕದ ಹಿಪ್‌ಹಾಪ್. ಪೊಲೀಸರ ಕಾಟ, ಕೊಳೆತ ಬಡಾವಣೆ, ಬಣ್ಣದ ಕಾರಣಕ್ಕೆ ಸಿಗದ ಕೆಲಸ ಎಲ್ಲವನ್ನೂ ತಲೆಯೆತ್ತಿ ಹೇಳುವ ದನಿ ಅವರಿಗೆ ಅಲ್ಲಿ ಕೇಳಿಸಿತು. ನೆರೆಹೊರೆಯ ಜಮೈಕಾ ಮೂಲದವರಿಂದ ರೆಗೆ ಸಂಗೀತವೂ ಬಂತು. ಬರ್ಮಿಂಗ್‌ಹ್ಯಾಮ್‌ನ ಹ್ಯಾಂಡ್ಸ್‌ವರ್ತ್‌ನಲ್ಲಿ ಬೆಳೆದ ಸ್ಟೀವನ್ ಕಪೂರ್ ‘ಅಪಾಚೆ ಇಂಡಿಯನ್’ ಎಂಬ ಹೆಸರಿನಲ್ಲಿ ಜಮೈಕಾ ಧಾಟಿಗೆ ಪಂಜಾಬಿ ಮಾತು ಸೇರಿಸಿ ಹಾಡಿದ. 1993ರ ಅವನ ‘ಬೂಮ್ ಶ್ಯಾಕ್ ಅ ಲ್ಯಾಕ್’ ಭಾರತದಲ್ಲೂ ಮನೆಮನೆಗೆ ತಲುಪಿತು. ದೆಹಲಿಯಲ್ಲಿ ಹುಟ್ಟಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಬೆಳೆದ ಬ್ಯಾಲಿ ಸಾಗೂ ಹಳೆಯ ಪಂಜಾಬಿ, ಹಿಂದಿ ಹಾಡುಗಳನ್ನು ಬಿಚ್ಚಿ ಮರುಜೋಡಿಸಿದ. ‘ರೀಮಿಕ್ಸ್’ ಎಂಬ ಪದ ನಮ್ಮ ಕ್ಯಾಸೆಟ್ ಅಂಗಡಿಗಳಿಗೆ ಬಂದದ್ದರಲ್ಲಿ ಅವನ ಪಾಲು ದೊಡ್ಡದು. (ಅದರ ಹೆಸರಿನಲ್ಲಿ ಆಮೇಲೆ ನಡೆದ ಅನಾಹುತಗಳಿಗೆಲ್ಲ ಅವನನ್ನೇ ದೂರುವುದು ಸರಿಯಲ್ಲ.)

ಎರಡು ಸಂಗೀತಗಳು ಇಷ್ಟು ಸಲೀಸಾಗಿ ಹೊಂದಿಕೊಂಡದ್ದು ಹೇಗೆ? ಭಾವನೆಯ ಮಾತನ್ನು ಬದಿಗಿಟ್ಟು ತಾಳವನ್ನಷ್ಟೇ ನೋಡಿದರೂ ಉತ್ತರ ಸಿಗುತ್ತದೆ. ಹಿಪ್‌ಹಾಪ್‌ನ ತಾಳಕ್ಕೆ ಎರಡು ಕಂಬಗಳು. ಎದೆಗೆ ತಾಕುವ ಮಂದ್ರದ ಪೆಟ್ಟು ಒಂದು, ಚಾಟಿಯಂತೆ ಚಟ್ಟೆನ್ನುವ ತಾರದ ಪೆಟ್ಟು ಇನ್ನೊಂದು. ಢೋಲಿನ ಡಗ್ಗಾ ಮತ್ತು ತಿಲ್ಲಿ ಮಾಡುವುದೂ ಇದನ್ನೇ. ನಡೆ ಕೂಡ ಹತ್ತಿರ. ನಿಮಿಷಕ್ಕೆ ಸುಮಾರು 100 ಪೆಟ್ಟುಗಳ ಆಸುಪಾಸಿನಲ್ಲಿ ಎರಡೂ ಕೂಡಿಕೊಳ್ಳುತ್ತವೆ. ಕರ್ನಾಟಕ ಸಂಗೀತದ ಕೀರ್ತನೆಯನ್ನೋ ಹಿಂದುಸ್ತಾನಿ ವಿಲಂಬಿತ ಖಯಾಲನ್ನೋ ಹೀಗೆ ಕೂಡಿಸ ಹೊರಟರೆ ರಾಗದ ಹರಿವನ್ನು ಕತ್ತರಿಸಬೇಕಾಗುತ್ತದೆ. ಜನಪದದ ಧಾಟಿ ಚಿಕ್ಕದು, ಮತ್ತೆ ಮತ್ತೆ ಬರುವಂಥದು. ಎಷ್ಟು ಸಲ ತಿರುಗಿಸಿದರೂ ಅದಕ್ಕೆ ನೋವಾಗುವುದಿಲ್ಲ. ತಿರುಗಿಸುವುದೇ ಅದರ ಸ್ವಭಾವ.

ಈ ಕೂಡಿಕೆಯ ಅತ್ಯಂತ ಪ್ರಸಿದ್ಧ ಹಾಡು ಹುಟ್ಟಿದ್ದು ಕಾವೆಂಟ್ರಿ ನಗರದಲ್ಲಿ. 1973ರಲ್ಲಿ, ಅಂದರೆ ಬ್ರಾಂಕ್ಸ್‌ನ ಆ ಪಾರ್ಟಿ ನಡೆದ ವರ್ಷವೇ, ಅಲ್ಲಿ ಹುಟ್ಟಿದ ರಾಜಿಂದರ್ ಸಿಂಗ್ ರಾಯ್ ‘ಪಂಜಾಬಿ ಎಂಸಿ’ ಎಂದು ಹೆಸರಾದ. ಎಂಸಿ ಎಂದರೆ ಹಿಪ್‌ಹಾಪ್‌ನಲ್ಲಿ ಮೈಕು ಹಿಡಿದವನು. 1998ರಲ್ಲಿ ಈತ ‘ಮುಂಡಿಯಾಂ ತೋ ಬಚ್ ಕೆ’ ಎಂಬ ಹಾಡನ್ನು ಹೊರತಂದ. ಪ್ರಾಯಕ್ಕೆ ಬಂದ ಹುಡುಗಿಗೆ ‘ಹುಡುಗರಿಂದ ಹುಷಾರು’ ಎಂದು ಬುದ್ಧಿ ಹೇಳುವ, ಹಳ್ಳಿಯ ಹಾಡುಗಳಲ್ಲಿ ನೂರಾರು ಸಲ ಬಂದ ವಸ್ತು. ದನಿ ಲೂಧಿಯಾನಾ ಕಡೆಯ ಗಾಯಕ ಲಾಭ್ ಜಂಜುವಾ ಅವರದು. ಆರಂಭದಲ್ಲೇ ತೂಂಬಿಯ ಚುರುಕು ಮೀಟು, ಹಿಂದೆ ಢೋಲ್. ಕೆಳಗೆ ಹರಿಯುವ ಮಂದ್ರದ ಎಳೆ ಮಾತ್ರ ಮಾತನಾಡುವ ಕಾರಿನ ಕಥೆಯಿದ್ದ ‘ನೈಟ್ ರೈಡರ್’ ಎಂಬ ಅಮೆರಿಕದ ಟಿ.ವಿ. ಧಾರಾವಾಹಿಯ ಶೀರ್ಷಿಕೆ ಸಂಗೀತದ್ದು. ಅದೇ ಎಳೆಯನ್ನು ಅಮೆರಿಕದ ರ‍್ಯಾಪ್ ಗಾಯಕ ಬಸ್ಟಾ ರೈಮ್ಸ್ ಆಗಲೇ ಬಳಸಿದ್ದ. ಚಿಕ್ಕಂದಿನಲ್ಲಿ ಟಿ.ವಿ. ಮುಂದೆ ಕೂತ ಹುಡುಗ, ಹಿಪ್‌ಹಾಪ್ ಕ್ಯಾಸೆಟ್ ಕೇಳಿದ ತರುಣ, ಪಂಜಾಬಿ ಮದುವೆಗಳಲ್ಲಿ ಕುಣಿದ ಸಂಬಂಧಿಕ ಮೂವರೂ ಆ ಹಾಡಿನಲ್ಲಿದ್ದಾರೆ. ಹಾಡು ನಿಧಾನವಾಗಿ ಹಬ್ಬಿತು. 2002ರ ಕೊನೆಯಲ್ಲಿ ಜರ್ಮನಿಯಲ್ಲಿ, 2003ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾಗಿ ಬ್ರಿಟನ್ನಿನ ಪಟ್ಟಿಯಲ್ಲಿ 5ನೇ ಸ್ಥಾನಕ್ಕೇರಿತು. ಆ ವರ್ಷವೇ ಅಮೆರಿಕದ ಜೇ–ಜೀ ಅದರ ಮೇಲೆ ತನ್ನ ರ‍್ಯಾಪ್ ಸೇರಿಸಿದ. ಇರಾಕ್ ಯುದ್ಧ ನಡೆದ ವರ್ಷವದು, ಯುದ್ಧದ ವಿರುದ್ಧ ಒಂದು ಮಾತನ್ನೂ ಆತ ಹಾಡಿನಲ್ಲಿ ಸೇರಿಸಿದ್ದ. ಇದಕ್ಕೂ ಮೊದಲೇ, 2001ರಲ್ಲಿ, ಮಿಸ್ಸಿ ಎಲಿಯಟ್ ಹಾಡಿದ ‘ಗೆಟ್ ಯುವರ್ ಫ್ರೀಕ್ ಆನ್’ನಲ್ಲಿ ತೂಂಬಿಯ ದನಿ ಅಮೆರಿಕದ ರೇಡಿಯೊಗಳನ್ನು ತುಂಬಿತ್ತು. ಯಮಲಾ ಜಟ್ ಬದುಕಿದ್ದಿದ್ದರೆ ಏನನ್ನುತ್ತಿದ್ದರೋ!

ಇಲ್ಲಿಯವರೆಗೆ ಕಥೆ ಸಂಭ್ರಮದ್ದು. ಆದರೆ ಆ ಹಾಡಿಗೆ ಕುಣಿದ ಯುರೋಪು, ಅಮೆರಿಕಗಳ ಲಕ್ಷಾಂತರ ಜನರಲ್ಲಿ ಲಾಭ್ ಜಂಜುವಾ ಎಂಬ ಹೆಸರು ಎಷ್ಟು ಜನರ ಕಿವಿಗೆ ಬಿದ್ದಿತ್ತು? ಅವರು ಆಮೇಲೆ ಮುಂಬೈಗೆ ಬಂದು ಹಿಂದಿ ಚಿತ್ರಗಳಲ್ಲಿ ಹಾಡಿದರು. ‘ಕ್ವೀನ್’ (2014) ಚಿತ್ರದ ‘ಲಂಡನ್ ಠುಮಕ್‌ದಾ’ ಹಾಡಿನಲ್ಲಿ ಅವರ ದನಿ ಇದೆ. 2015ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಪತ್ರಿಕೆಗಳು ಅವರನ್ನು ಗುರುತಿಸಿದ್ದು ಮುಖ್ಯವಾಗಿ ಈ ಎರಡು ಹಾಡುಗಳಿಂದಲೇ. ಅಭಿಮಾನಿಯ ಪ್ರೀತಿ ಹಾಡನ್ನು ಎಲ್ಲಿಂದ ಎಲ್ಲಿಗೋ ಒಯ್ಯುತ್ತದೆ, ನಿಜ. ಒಯ್ಯುವ ದಾರಿಯಲ್ಲಿ ಮೊದಲು ಕಳಚಿ ಬೀಳುವುದು ಹಾಡಿದವರ ಹೆಸರು.

ಹಿಪ್‌ಹಾಪ್‌ಗೆ ಈ ಕಳಂಕ ಹುಟ್ಟಿನಿಂದಲೇ ಅಂಟಿದೆ. ವಿನ್‌ಸ್ಟನ್ಸ್ ಎಂಬ ವಾಷಿಂಗ್ಟನ್ನಿನ ತಂಡ 1969ರಲ್ಲಿ ಒಂದು ರೆಕಾರ್ಡಿನ ಹಿಂಬದಿಗೆ ‘ಆಮೆನ್, ಬ್ರದರ್’ ಎಂಬ ತುಣುಕು ನುಡಿಸಿತು. ಅದರಲ್ಲಿ ಗ್ರೆಗರಿ ಕೋಲ್ಮನ್ ಎಂಬ ಡ್ರಮ್ ವಾದಕನ ಏಳು ಸೆಕೆಂಡಿನಷ್ಟು ಬ್ರೇಕ್ ಒಂದಿದೆ. ಆ ಏಳು ಸೆಕೆಂಡುಗಳು ಆಮೇಲೆ ಸಾವಿರಾರು ಹಾಡುಗಳಿಗೆ ಅಡಿಪಾಯವಾದವು. ಕೋಲ್ಮನ್‌ಗೆ ಅದರಿಂದ ಒಂದು ಕಾಸೂ ಬರಲಿಲ್ಲ. 2006ರಲ್ಲಿ ಆತ ಬಡತನದಲ್ಲಿ ಸತ್ತ. ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್‌ಗೆ 2015ರಲ್ಲಿ ಅಭಿಮಾನಿಗಳೇ ಚಂದಾ ಎತ್ತಿ 24,000 ಪೌಂಡು ಕೊಟ್ಟರು. ಕಾನೂನು ಕೊಡಿಸದ್ದನ್ನು ಕೇಳುಗರು ತಾವಾಗಿ ಕೊಟ್ಟ ಅಪರೂಪದ ನಿದರ್ಶನವಿದು.

ಕಾನೂನೂ ಕಣ್ಣುಮುಚ್ಚಿ ಕೂತಿರಲಿಲ್ಲ. 1991ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ಬಿಜ್ ಮಾರ್ಕಿ ಎಂಬ ರ‍್ಯಾಪ್ ಗಾಯಕ ಅಪ್ಪಣೆಯಿಲ್ಲದೆ ಹಳೆಯ ಹಾಡಿನ ತುಣುಕು ಬಳಸಿದ್ದು ಕಳ್ಳತನವೇ ಎಂದಿತು. ನ್ಯಾಯಾಧೀಶರು ತೀರ್ಪನ್ನು ಶುರುಮಾಡಿದ್ದೇ ಕದಿಯಬಾರದೆಂಬ ಬೈಬಲ್ಲಿನ ಆಜ್ಞೆಯಿಂದ. ಆ ಬಳಿಕ ತುಣುಕಿಗೂ ಅಪ್ಪಣೆ ಬೇಕು, ದುಡ್ಡೂ ಕೊಡಬೇಕು ಎಂಬುದು ರೂಢಿಯಾಯಿತು. ಭಾರತದ ಹಾಡಿಗೂ ಇದರ ಫಲ ಸಿಕ್ಕಿತು. ‘ಜ್ಯೋತಿ’ (1981) ಎಂಬ ಹಿಂದಿ ಚಿತ್ರಕ್ಕೆ ಬಪ್ಪಿ ಲಾಹಿರಿ ಸ್ವರಸಂಯೋಜಿಸಿ ಲತಾ ಮಂಗೇಶ್ಕರ್ ಹಾಡಿದ ಗೀತೆಯೊಂದನ್ನು 2002ರಲ್ಲಿ ಟ್ರೂತ್ ಹರ್ಟ್ಸ್ ಎಂಬ ಅಮೆರಿಕದ ಗಾಯಕಿಯ ‘ಅಡಿಕ್ಟಿವ್’ ಹಾಡಿನಲ್ಲಿ ಹೇಳದೆ ಕೇಳದೆ ಬಳಸಿಕೊಂಡಿದ್ದರು. ಲಾಹಿರಿ ಹೆಸರು ನಮೂದಿಸದೆ ಆ ಧ್ವನಿಮುದ್ರಿಕೆ ಮಾರುವಂತಿಲ್ಲ ಎಂದು ಲಾಸ್ ಏಂಜಲೀಸ್‌ನ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು.

ಸಿನಿಮಾ ಹಾಡಿಗೆ ಸಂಯೋಜಕನಿದ್ದಾನೆ, ಕಂಪನಿಯಿದೆ, ವಕೀಲರಿದ್ದಾರೆ. ಜನಪದ ಹಾಡಿಗೆ? ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಕಣ್ಣಿಗೆ ಕರ್ತೃ ತಿಳಿಯದ ಪಾರಂಪರಿಕ ಹಾಡು ಎಲ್ಲರೂ ಬಳಸಬಹುದಾದ ಆಸ್ತಿ. ಆದರೆ ಅದನ್ನು ಒಬ್ಬರು ಸ್ಟುಡಿಯೊದಲ್ಲಿ ಮುದ್ರಿಸಿದ ಕೂಡಲೇ ಆ ಮುದ್ರಣದ ಮೇಲೆ ನಿರ್ಮಾಪಕರಿಗೆ 60 ವರ್ಷಗಳ ಹಕ್ಕು ಬರುತ್ತದೆ, ಹೊಸ ಸಂಯೋಜನೆಯ ಹಕ್ಕು ಅದನ್ನು ಮಾಡಿದವರಿಗೆ ಬರುತ್ತದೆ. ಹಾಡನ್ನು ನೆನಪಿಟ್ಟು ಅಲ್ಲಿಯವರೆಗೆ ತಂದವರಿಗೆ ಏನೂ ಇಲ್ಲ. ಹಳ್ಳಿಯವರು ‘ಇದು ನಮ್ಮೆಲ್ಲರದು’ ಎನ್ನುವ ಮಾತನ್ನು ಕಾನೂನು ‘ಇದು ಯಾರದೂ ಅಲ್ಲ’ ಎಂದು ಓದಿಕೊಂಡಂತಾಗಿದೆ.

ಈ ಜಗಳ ಪಂಜಾಬಿಗೋ ಇಂಗ್ಲೆಂಡಿಗೋ ಸೀಮಿತವಾಗಿ ಉಳಿದಿಲ್ಲ. ನೆರೆಯ ತಮಿಳುನಾಡಿನಲ್ಲಿ 2021ರ ಮಾರ್ಚ್‌ನಲ್ಲಿ ಬಂದ ‘ಎಂಜಾಯ್ ಎಂಜಾಮಿ’ ಇದಕ್ಕೆ ಸಾಕ್ಷಿ. ಸಾವಿನ ಮನೆಯಲ್ಲಿ ಹಾಡುವ ಒಪ್ಪಾರಿಯ ಧಾಟಿಗೆ ರ‍್ಯಾಪ್ ಸೇರಿಸಿದ ಈ ಹಾಡು ಭಾಷೆ ತಿಳಿಯದವರನ್ನೂ ಕುಣಿಸಿತು. ಅದರ ಹಿಂದಿದ್ದದ್ದು ರ‍್ಯಾಪ್ ಗಾಯಕ ಅರಿವು ಅವರ ಅಜ್ಜಿಯ ಬಾಳು. ಶ್ರೀಲಂಕಾದ ಚಹಾ ತೋಟದಲ್ಲಿ ದುಡಿದು, ಮರಳಿ ಬಂದು, ಭೂಮಿಯಿಲ್ಲದೆ ಬದುಕಿದವರ ಕಥೆ. ಕೆಲವೇ ತಿಂಗಳಲ್ಲಿ ಹೆಸರಿನ ತಕರಾರು ಎದ್ದಿತು. ಸಂಗೀತ ಪತ್ರಿಕೆಯೊಂದು ಆ ಹಾಡಿನ ಬಗ್ಗೆ ಬರೆದಾಗ ಮುಖಪುಟದಲ್ಲಿ ಸಹಗಾಯಕಿ ಧೀ ಇದ್ದರು, ಅರಿವು ಇರಲಿಲ್ಲ. ಚಿತ್ರ ನಿರ್ದೇಶಕ ಪಾ. ರಂಜಿತ್ ಬಹಿರಂಗವಾಗಿ ಆಕ್ಷೇಪಿಸಿದರು. 2022ರಲ್ಲಿ, ಹಾಡನ್ನು ಕಟ್ಟಿದವರು ಯಾರು ಎಂಬುದರ ಬಗ್ಗೆ ಅರಿವು ಒಂದು ಹೇಳಿಕೆ ಕೊಟ್ಟರೆ ಸಂಯೋಜಕ ಸಂತೋಷ್ ನಾರಾಯಣನ್ ಇನ್ನೊಂದು ಕೊಟ್ಟರು. 2024ರಲ್ಲಿ ಅದೇ ಸಂತೋಷ್, ಈ ಹಾಡಿನಿಂದ ತಮಗೆ ಇನ್ನೂ ಸಂಭಾವನೆಯೇ ಬಂದಿಲ್ಲ ಎಂದರು. ಅಜ್ಜಿಯ ಹಾಡಿನಿಂದ ಮೊಮ್ಮಗನಿಗೂ ಬಾರದ ದುಡ್ಡು ಎಲ್ಲೋ ದಾರಿಯಲ್ಲಿ ನಿಂತಿತ್ತು.

ಕನ್ನಡದಲ್ಲಿ ಜನಪದವನ್ನು ಹೊಸದಾಗಿ ಹಾಡುವ ಕೆಲಸ ಪಿ. ಕಾಳಿಂಗರಾಯರ ಕಾಲದಿಂದ ನಡೆದಿದೆ. ಗಿಟಾರು ಹಿಡಿದ ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ವಪದಗಳನ್ನು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೆ 2011ರಲ್ಲಿ ಕೊಂಡೊಯ್ದರು. ಅದರ ಬಗ್ಗೆ ಯಾರಿಗೂ ತಕರಾರು ಇದ್ದಂತಿಲ್ಲ. ರ‍್ಯಾಪ್ ಮತ್ತು ಜನಪದ ಎದುರುಬದುರಾಗಿ ಕಿಡಿ ಹಾರಿದ್ದು 2020ರ ಆಗಸ್ಟ್‌ನಲ್ಲಿ, ಚಂದನ್ ಶೆಟ್ಟಿ ಅವರ ‘ಕೋಲುಮಂಡೆ’ ಬಂದಾಗ. ಮಲೆ ಮಹದೇಶ್ವರನ ಮಹಾಕಾವ್ಯದಲ್ಲಿ ಸಂಕಮ್ಮನ ಸಾಲು ಎಂಬ ಭಾಗವಿದೆ. ಕಾಡಿಗೆ ಹೊರಟ ಗಂಡ ನೀಲೇಗೌಡ, ತಾನಿಲ್ಲದಾಗ ತಪ್ಪಿ ನಡೆಯುವುದಿಲ್ಲವೆಂದು ಕೈಮೇಲೆ ಕೈಯಿಟ್ಟು ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವನು ಕೊಡುವ ಹಿಂಸೆಯನ್ನೆಲ್ಲ ಸಹಿಸುತ್ತಾಳೆ, ಭಾಷೆ ಮಾತ್ರ ಕೊಡುವುದಿಲ್ಲ. ಆಗ ಮಾದಪ್ಪ ಜಂಗಮನಾಗಿ ಭಿಕ್ಷೆಗೆ ಬರುತ್ತಾನೆ. ದೀಕ್ಷೆ ಪಡೆದ ದೇವರಗುಡ್ಡರು ಕಂಸಾಳೆ, ದಮ್ಮಡಿಗಳೊಂದಿಗೆ ರಾತ್ರಿಯಿಡೀ ಹಾಡುವ ಕಥೆ ಇದು. ಅವರ ಪಾಲಿಗೆ ಸಂಕಮ್ಮ ಶರಣೆ. ರ‍್ಯಾಪ್ ವಿಡಿಯೊದಲ್ಲಿ ಆಕೆಯನ್ನು ತೋರಿಸಿದ ವೇಷ, ರೀತಿ ಭಕ್ತರನ್ನು ಕೆರಳಿಸಿತು. ದೂರುಗಳು ದಾಖಲಾದವು. ಚಂದನ್ ಶೆಟ್ಟಿ ಕ್ಷಮೆ ಕೇಳಿದರು, ವಿಡಿಯೊ ಹಿಂದಕ್ಕೆ ಹೋಯಿತು.

ಅದೇ ಕೋಲುಮಂಡೆ ಹಾಡು 1996ರ ‘ಜನುಮದ ಜೋಡಿ’ ಚಿತ್ರದಲ್ಲಿ ವಿ. ಮನೋಹರ್ ಸಂಗೀತದಲ್ಲಿ ಬಂದಿತ್ತು. ಸ್ಟುಡಿಯೊ ವಾದ್ಯಗಳು ಅಲ್ಲೂ ಇದ್ದವು, ಜನ ಮನಸಾರೆ ಮೆಚ್ಚಿದ್ದರು. 2020ರಲ್ಲಿ ಆಕ್ಷೇಪಿಸಿದ ಭಕ್ತರ ಸಿಟ್ಟಿದ್ದದ್ದು ಡ್ರಮ್ ಮಷೀನಿನ ಮೇಲಲ್ಲ, ಸಂಕಮ್ಮ ಯಾರೆಂದು ತಿಳಿಯದೆ ಅವಳನ್ನು ಕುಣಿಸಿದ್ದರ ಮೇಲೆ. ಆ ಜಗಳದ ಭರದಲ್ಲಿ ಹಾಡನ್ನು ತಲೆಮಾರುಗಳಿಂದ ಕಾಯ್ದುಕೊಂಡ ಗುಡ್ಡರಿಗೆ ಎರಡು ಸಂದರ್ಭಗಳಲ್ಲೂ ಏನು ಸಂದಿತು ಎಂಬ ಪ್ರಶ್ನೆ ಮುಂದೆ ಬರಲೇ ಇಲ್ಲ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಇಂಥ ಹಾಡುಗಾರರ ದನಿಗಳ ಮುದ್ರಣಗಳಿವೆ. ಕೋಲುಮಂಡೆಯನ್ನು ರ‍್ಯಾಪಿನಲ್ಲಿ ಕೇಳಿ ಕುಣಿದ ಅಭಿಮಾನಿಗೆ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಅದು ಸುಮಾರು ಒಂದೂವರೆ ಗಂಟೆಯ ಹಾದಿ.